ಕೂಲರ್ ಕಟ್ಟುವ ಮುನ್ನ ಎದುರಿನ ಕಿಟಕಿ ತೆರೆಯಿರಿ

ಹೋಳಿ ಹುಣ್ಣಿಮೆ ಕಳೆಯಿತೆಂದರೆ ಧಾರವಾಡದ ಹತ್ತಿರದ ಮುಗದ ಊರಿನ ಹೊಸ ಮನೆಗಳಲ್ಲಿ ಒಂದೇ ಮಾತು: ಹಗಲು ಹೇಗೋ ಸಾಗುತ್ತದೆ, ರಾತ್ರಿ ಮಲಗಲು ಆಗುವುದಿಲ್ಲ. ಹಿಂದಿನವರು ದಪ್ಪ ಮಣ್ಣಿನ ಗೋಡೆ ಎಬ್ಬಿಸಿ ಮೇಲೆ ಹೆಂಚು ಹೊದಿಸುತ್ತಿದ್ದರು. ಹೆಂಚಿನ ಸಂದಿಯಲ್ಲಿ ಬಿಸಿಗಾಳಿ ತಾನಾಗಿ ಹೊರಗೆ ಹೋಗುತ್ತಿತ್ತು. ಈಗ ಕಟ್ಟುವುದು ಸ್ಲ್ಯಾಬಿನ ಮನೆ, ಇಲ್ಲವೇ ತಗಡಿನ ಮನೆ. ಸ್ಲ್ಯಾಬು ಇಡೀ ದಿನದ ಬಿಸಿಲನ್ನು ಕುಡಿದು, ದೀಪ ಹಚ್ಚುವ ಹೊತ್ತಿನಿಂದ ನಡುರಾತ್ರಿಯವರೆಗೆ ಅದನ್ನೇ ಕೆಳಗೆ ಇಳಿಸುತ್ತದೆ. ಸೀಲಿಂಗ್ ಫ್ಯಾನು ಆ ಬಿಸಿಯನ್ನೇ ತಲೆಯ ಮೇಲೆ ತಳ್ಳುತ್ತದೆ.

ಎಸಿ ಎಲ್ಲರ ಕೈಗೆಟುಕುವುದಿಲ್ಲ, ಹಳ್ಳಿಯ ವೋಲ್ಟೇಜಿಗೆ ಅದು ಹೊಂದುವುದೂ ಕಷ್ಟ. ಹಾಗಾಗಿ ನೀರಿನ ಕೂಲರಿನ ಕಡೆ ಮನಸ್ಸು ಹೋಗುತ್ತದೆ. ಅಂಗಡಿಯದನ್ನು ತಂದವರಲ್ಲೂ ಹಲವರು, 'ಎರಡು ದಿನ ತಂಪಾಯಿತು, ಆಮೇಲೆ ಬರೀ ಜಿಗುಟು' ಎನ್ನುತ್ತಾರೆ. ಯಂತ್ರ ಕೆಟ್ಟಿರುವುದಿಲ್ಲ, ಅದರ ನಿಯಮ ತಿಳಿದಿರುವುದಿಲ್ಲ. ಆ ನಿಯಮ ತಿಳಿದರೆ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಚೌಕಟ್ಟು ಮಾಡಿಸಿ, ಉಳಿದದ್ದನ್ನು ಧಾರವಾಡದ ಪೇಟೆಯಲ್ಲಿ ಕೊಂಡು, ಮನೆಯಲ್ಲೇ ಒಳ್ಳೆಯ ಕೂಲರ್ ಕಟ್ಟಬಹುದು.

ನೀರು ತಂಪು ಮಾಡುವುದು ಹೇಗೆ

ಮಣ್ಣಿನ ಗಡಿಗೆಯ ನೀರು ಏಕೆ ತಣ್ಣಗಿರುತ್ತದೆ? ಗಡಿಗೆಯ ಸಣ್ಣ ರಂಧ್ರಗಳಿಂದ ನೀರು ಒಸರಿ ಹೊರಮೈ ಮೇಲೆ ಆರುತ್ತದೆ. ಆರಲು ನೀರಿಗೆ ಶಾಖ ಬೇಕು, ಅದನ್ನು ಗಡಿಗೆಯಿಂದಲೇ ಎಳೆದುಕೊಳ್ಳುತ್ತದೆ. ಕೂಲರ್ ಮಾಡುವುದೂ ಇದನ್ನೇ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2400 ಕಿಲೋಜೂಲ್ ಶಾಖ ಬೇಕು. ಅಷ್ಟನ್ನೂ ಅದು ಸುತ್ತಲಿನ ಗಾಳಿಯಿಂದ ತೆಗೆದುಕೊಳ್ಳುತ್ತದೆ. ತಂಪು ಮಾಡುವುದು ನೀರಿನ ತಣ್ಣನೆಯ ಗುಣವಲ್ಲ, ಅದು ಆವಿಯಾಗುವ ಕ್ರಿಯೆ. ಮುಂದೆ ಹೇಳುವ ಪ್ರತಿಯೊಂದು ಹಂತವೂ ಇದರ ಮೇಲೆಯೇ ನಿಂತಿದೆ.

ವಿಜಯಪುರದಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ ಕುಮಟಗಿ ಎಂಬ ಊರಿದೆ. ಅಲ್ಲಿ ಆದಿಲ್‌ಶಾಹಿಗಳು ನೀರಿನ ನಡುವೆ ಬೇಸಿಗೆಯ ಮಂಟಪಗಳನ್ನು ಕಟ್ಟಿಸಿ, ನೀರನ್ನು ಎತ್ತರಕ್ಕೇರಿಸಿ, ಕೊಳವೆಗಳ ಮೂಲಕ ಛಾವಣಿಯಿಂದ ಹನಿಹನಿಯಾಗಿ ಉದುರಿಸುವ ವ್ಯವಸ್ಥೆ ಮಾಡಿದ್ದರು. ಕರಾವಳಿಯಲ್ಲಿ ಅದೇ ಮಂಟಪ ಕಟ್ಟಿದ್ದರೆ ಯಾರಿಗೂ ತಂಪಾಗುತ್ತಿರಲಿಲ್ಲ. ವಿಜಯಪುರದ ಒಣ ಗಾಳಿಗೆ ನೀರಿನ ಹಸಿವಿದೆ, ಮಂಗಳೂರಿನ ಗಾಳಿಯ ಹೊಟ್ಟೆ ಮೊದಲೇ ತುಂಬಿದೆ.

ಮುಗದ ಇವೆರಡರ ನಡುವೆ ಬರುತ್ತದೆ. ಧಾರವಾಡ ದಾಟಿ ಪೂರ್ವಕ್ಕೆ, ನವಲಗುಂದ, ಅಣ್ಣಿಗೇರಿಯ ಎರೆಭೂಮಿಯ ಕಡೆಗೆ ಹೋದಷ್ಟೂ ಗಾಳಿ ಒಣಗುತ್ತದೆ. ರೈಲುಹಳಿ ಹಿಡಿದು ಪಶ್ಚಿಮಕ್ಕೆ, ಅಳ್ನಾವರದ ಕಡೆಗೆ ಹೋದಷ್ಟೂ ಹಸಿ ಹೆಚ್ಚುತ್ತದೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಭತ್ತದ ಸಂಶೋಧನಾ ಕೇಂದ್ರ ಇರುವುದು ಮುಗದದಲ್ಲೇ. ಮಳೆ ನಂಬಿ ಭತ್ತ ಬೆಳೆಯುವ ಇಂಥ ಅರೆಮಲೆನಾಡಿನಲ್ಲಿ ಕೂಲರಿಗೂ ಒಂದು ಹಂಗಾಮು ಇದೆ ಎಂದು ಒಪ್ಪಿಕೊಳ್ಳಬೇಕು. ಮಾರ್ಚ್, ಏಪ್ರಿಲ್ ಅದರ ಒಳ್ಳೆಯ ಕಾಲ. ಭರಣಿ, ಕೃತ್ತಿಕಾ ಮಳೆಗಳು ಬಿದ್ದ ಸಂಜೆಗಳಲ್ಲಿ ಅರ್ಧ ಕೆಲಸ. ಮಿರಗ ಕೂಡಿದ ಮೇಲೆ ಕೆಲಸವೇ ಇಲ್ಲ.

ಕೊಳ್ಳುವ ಮೊದಲು ಒದ್ದೆ ಬಟ್ಟೆಯ ಪರೀಕ್ಷೆ

ಒಂದು ರೂಪಾಯಿ ಖರ್ಚು ಮಾಡುವ ಮುನ್ನ ನಿಮ್ಮ ಮನೆಯ ಗಾಳಿಯನ್ನು ಅಳೆದು ನೋಡಿ. ಇದಕ್ಕೆ ಕೋಣೆಯ ಉಷ್ಣತೆ ತೋರಿಸುವ ಗಾಜಿನ ಥರ್ಮಾಮೀಟರ್ ಸಾಕು. ಜ್ವರ ನೋಡುವ ಥರ್ಮಾಮೀಟರ್ ಬೇಡ. ಡಿಜಿಟಲ್ ಇದ್ದರೆ ಅದನ್ನು ಒದ್ದೆ ಮಾಡಬೇಡಿ.

1. ಮಧ್ಯಾಹ್ನ ಮೂರರ ಹೊತ್ತಿಗೆ, ಹೊರಗೆ ನೆರಳಿನಲ್ಲಿ ಉಷ್ಣತೆ ನೋಡಿ ಬರೆದುಕೊಳ್ಳಿ.
2. ಹಳೆಯ ಧೋತರದ ತೆಳುವಾದ ತುಂಡನ್ನು ಥರ್ಮಾಮೀಟರಿನ ಕೆಳತುದಿಗೆ ಸುತ್ತಿ, ನೀರಿನಲ್ಲಿ ಅದ್ದಿ.
3. ಬೀಸಣಿಗೆಯಿಂದ ಐದು ನಿಮಿಷ ಗಾಳಿ ಹಾಕಿ, ಇಳಿಯುವುದು ನಿಂತಾಗ ಮತ್ತೆ ಬರೆದುಕೊಳ್ಳಿ.

ಎರಡನೆಯ ಅಂಕಿ ನೀರಿನಿಂದ ಮುಟ್ಟಬಹುದಾದ ಕಟ್ಟಕಡೆಯ ತಂಪು. ಯಾವ ಕೂಲರೂ ಅದರ ಕೆಳಗೆ ಹೋಗಲಾರದು. ಮನೆಯಲ್ಲಿ ಚೆನ್ನಾಗಿ ಕಟ್ಟಿದ ಕೂಲರ್ ಈ ಎರಡು ಅಂಕಿಗಳ ಅಂತರದಲ್ಲಿ ಸುಮಾರು ಮೂರನೇ ಎರಡು ಪಾಲು ಇಳಿಸುತ್ತದೆ.

ಲೆಕ್ಕ ಹೀಗೆ. ಗಾಳಿ 37 ಡಿಗ್ರಿ ಇದ್ದು, ಅದರ ತೇವಾಂಶ ಶೇ 25 ಇದ್ದರೆ ಒದ್ದೆ ಬಟ್ಟೆ ಸುಮಾರು 22 ಡಿಗ್ರಿ ತೋರಿಸುತ್ತದೆ. ಅಂತರ 15, ಆದ್ದರಿಂದ ಕೂಲರಿನಿಂದ ಬರುವ ಗಾಳಿ 27ರ ಆಸುಪಾಸು. ಮೇ ತಿಂಗಳ ಮೋಡದ ದಿನ 34 ಡಿಗ್ರಿ, ಶೇ 55 ತೇವಾಂಶ ಎಂದಿಟ್ಟುಕೊಳ್ಳಿ. ಒದ್ದೆ ಬಟ್ಟೆ 27ರ ಹತ್ತಿರ ನಿಲ್ಲುತ್ತದೆ, ನಿಮಗೆ ಸಿಗುವ ಇಳಿಕೆ ಐದು ಡಿಗ್ರಿಗಿಂತ ಕಡಿಮೆ. ಕರಾವಳಿಯಲ್ಲಿ 33 ಡಿಗ್ರಿ, ಶೇ 70 ಇದ್ದರೆ ಇಳಿಕೆ ಬರೀ ಮೂರು ಡಿಗ್ರಿ, ಜೊತೆಗೆ ಜಿಗುಟು ಉಚಿತ.

ನನ್ನ ಅಭಿಪ್ರಾಯ ಇಷ್ಟು: ಅಂತರ 10 ದಾಟಿದರೆ ಧೈರ್ಯವಾಗಿ ಕಟ್ಟಿ. 6ರಿಂದ 10ರ ನಡುವೆ ಇದ್ದರೆ ಮಲಗುವ ಒಂದೇ ಕೋಣೆಗೆ ಕಟ್ಟಿ. ಅದಕ್ಕೂ ಕಡಿಮೆಯಾದರೆ ಹಣವನ್ನು ಮಾಳಿಗೆಯ ಮೇಲೆ ಹಾಕಿ.

ಮೊದಲು ಮಾಳಿಗೆ

ಅಂತರ ಎಷ್ಟೇ ಇರಲಿ, ಮಾಳಿಗೆಯ ಕೆಲಸ ಮೊದಲು. ಮೇಲಿನಿಂದ ಬಿಸಿ ಸುರಿಯುತ್ತಿರುವಾಗ ಕೆಳಗೆ ಕೂಲರ್ ಓಡಿಸಿದರೆ ನೀರೂ ಕರೆಂಟೂ ವ್ಯರ್ಥ.

ಸ್ಲ್ಯಾಬಿನ ಮನೆಯಾದರೆ ಫೆಬ್ರುವರಿಯಲ್ಲೇ ಮಾಳಿಗೆ ಗುಡಿಸಿ ತೊಳೆದು, ಸುಣ್ಣಕ್ಕೆ ಅಂಟು ಬೆರೆಸಿ ಎರಡು ಕೈ ಬಳಿಯಿರಿ. ಬಿಳಿ ಮೈ ಬಿಸಿಲಿನ ದೊಡ್ಡ ಪಾಲನ್ನು ಮರಳಿ ಆಕಾಶಕ್ಕೆ ಕಳಿಸುತ್ತದೆ. ಮಳೆಗಾಲದಲ್ಲಿ ಸುಣ್ಣ ತೊಳೆದುಹೋಗುವುದರಿಂದ ಪ್ರತಿ ವರ್ಷ ಮಾಡಬೇಕು. ಇದಕ್ಕಿಂತ ಅಗ್ಗದ ತಂಪು ಇನ್ನೊಂದಿಲ್ಲ.

ಮಲಗುವ ಕೋಣೆಯ ಮೇಲಿನ ಭಾಗಕ್ಕಷ್ಟೇ ಹಳೆಯ ಗೋಣಿಚೀಲಗಳನ್ನು ಹಾಸಿ, ನಾಲ್ಕು ಗಂಟೆಯ ನಂತರ ಒದ್ದೆ ಮಾಡಿ. ಸ್ಲ್ಯಾಬು ರಾತ್ರಿಗೆ ಕೂಡಿಟ್ಟ ಶಾಖವನ್ನು ಗೋಣಿ ಮೇಲಿನಿಂದಲೇ ಖಾಲಿ ಮಾಡುತ್ತದೆ. ನೀರು ನಿಲ್ಲುವಷ್ಟು ಸುರಿಯಬೇಡಿ, ಗೋಣಿ ಒದ್ದೆಯಾದರೆ ಸಾಕು. ಬಟ್ಟೆ ಜಾಲಿಸಿದ ಕಡೆಯ ನೀರು ಇದಕ್ಕೆ ನಡೆಯುತ್ತದೆ. ಹುಬ್ಬಳ್ಳಿ-ಧಾರವಾಡದ ನಲ್ಲಿಗೆ ಬರುವ ನೀರು ಮಲಪ್ರಭೆಯಿಂದ, ಸವದತ್ತಿಯ ಜಲಾಶಯದಿಂದ ಬರಬೇಕು. ಅಷ್ಟು ದೂರದಿಂದ ಬಂದ ಕುಡಿಯುವ ನೀರನ್ನು ಮಾಳಿಗೆಗೆ ಚೆಲ್ಲುವುದು ಸರಿಯಲ್ಲ.

ತಗಡಿನ ಮನೆಗೆ ಸುಣ್ಣ ಚೆನ್ನಾಗಿ ಹಿಡಿಯುವುದಿಲ್ಲ. ಅದರ ಮೇಲೆ ತೆಂಗಿನ ಗರಿ ಅಥವಾ ಕಬ್ಬಿನ ರವದಿ ಹಾಸುವವರಿದ್ದಾರೆ. ತಂಪು ನಿಜ, ಆದರೆ ಒಣಗಿದ ರವದಿಗೆ ಕಿಡಿ ತಗುಲುವ ಭಯವಿದೆ. ಒಲೆಯ ಹೊಗೆಗೂಡು ಹತ್ತಿರವಿದ್ದರೆ ರವದಿ ಬೇಡ, ಒದ್ದೆ ಗೋಣಿ ಇರಲಿ. ಮಣ್ಣಿನ ಹಳೆಯ ಮಾಳಿಗೆಗೆ ಮಾತ್ರ ಯಾವ ಕಾರಣಕ್ಕೂ ನೀರು ಹಾಕಬೇಡಿ. ಮಣ್ಣು ನೀರು ಕುಡಿದು ಭಾರವಾದರೆ ತೊಲೆಗಳು ತಡೆಯುವುದಿಲ್ಲ.

ಬೇಕಾಗುವ ಸಾಮಾನು

10 ಅಡಿಗೆ 12 ಅಡಿಯ ಒಂದು ಕೋಣೆಗೆ ಇಷ್ಟು ಸಾಕು:

1. ಕಬ್ಬಿಣದ ಆ್ಯಂಗಲ್‌ನ ಚೌಕಟ್ಟು: 20 ಇಂಚು ಅಗಲ, 20 ಇಂಚು ಆಳ, 24 ಇಂಚು ಎತ್ತರ. ತಳಕ್ಕೆ 6 ಇಂಚು ಆಳದ ಜಿಐ ತಗಡಿನ ಟ್ರೇ, ಅದರ ಮೂಲೆಗೆ ನೀರು ಬಸಿಯಲು ಬುಚ್ಚು. ಟ್ರೇಗೆ 4 ಇಂಚು ನೀರು ತುಂಬಿದರೆ ಸುಮಾರು 26 ಲೀಟರ್ ಹಿಡಿಯುತ್ತದೆ.
2. 12 ಇಂಚಿನ, ಮುಚ್ಚಿದ ಮೋಟಾರಿನ ಕೂಲರ್ ಫ್ಯಾನ್ ಅಥವಾ ಎಕ್ಸಾಸ್ಟ್ ಫ್ಯಾನ್.
3. 18–20 ವ್ಯಾಟ್‌ನ ಕೂಲರ್ ಪಂಪ್.
4. ಅರ್ಧ ಇಂಚಿನ ಪಿವಿಸಿ ಪೈಪು, ಎರಡು ಎಲ್ಬೋ, ಒಂದು ಟೀ, ಒಂದು ಸಣ್ಣ ವಾಲ್ವ್.
5. ಮೂರು ಪ್ಯಾಡ್, ಒಂದೊಂದೂ 18 ಇಂಚು ಚೌಕ, 2 ಇಂಚು ದಪ್ಪ. ಹಿಡಿದಿಡಲು ಕೋಳಿಬಲೆಯಂಥ ತಂತಿಜಾಲರಿ.
6. ಅರ್ಥಿಂಗ್ ಇರುವ ಮೂರು ಪಿನ್ನಿನ ಪ್ಲಗ್ ಮತ್ತು ವೈರು.

ಪ್ಯಾಡಿಗೆ ಏನು ತುಂಬಬೇಕು? ಅಂಗಡಿಯ ಮರದ ನಾರು ಅಗ್ಗ, ಒಂದು ಬೇಸಿಗೆಗೆ ಸಾಕು. ಲಾವಂಚದ ಬೇರು ಸಿಕ್ಕರೆ ಅದರಷ್ಟು ಹಿತವಾದದ್ದು ಇಲ್ಲ, ಪರಿಮಳವೂ ಬರುತ್ತದೆ, ಬೆಲೆ ಮಾತ್ರ ಹೆಚ್ಚು. ತೆಂಗಿನ ನಾರು ಬಾಳಿಕೆ ಬರುತ್ತದೆ, ಆದರೆ ಮೊದಲು ಎರಡು ದಿನ ನೀರಿನಲ್ಲಿ ನೆನೆಸಿ ಅದರ ಕಂದು ಬಣ್ಣ ಬಿಡಿಸಬೇಕು. ಗೋಣಿತಟ್ಟನ್ನು ಪ್ಯಾಡಾಗಿ ಬಳಸುವುದನ್ನು ನಾನು ಒಪ್ಪುವುದಿಲ್ಲ. ಅದು ಒದ್ದೆಯಾದ ಕೂಡಲೇ ಮುಚ್ಚಿಕೊಂಡು ಗಾಳಿಯನ್ನು ತಡೆಯುತ್ತದೆ, ವಾರದಲ್ಲಿ ವಾಸನೆ ಹಿಡಿಯುತ್ತದೆ.

ಪ್ಯಾಡಿನ ಅಳತೆಯಲ್ಲಿ ಕೈಬಿಗಿ ಮಾಡಬೇಡಿ. 12 ಇಂಚಿನ ಫ್ಯಾನಿನ ಬಾಯಿ ಮುಕ್ಕಾಲು ಚದರ ಅಡಿಗಿಂತ ಸ್ವಲ್ಪ ಹೆಚ್ಚು. ಮೂರು ಪ್ಯಾಡ್ ಸೇರಿ ಆರು ಮುಕ್ಕಾಲು ಚದರ ಅಡಿ, ಅಂದರೆ ಎಂಟು ಪಟ್ಟಿಗೂ ಮೇಲೆ. ಪ್ಯಾಡ್ ದೊಡ್ಡದಾದಷ್ಟೂ ಗಾಳಿ ಅದರೊಳಗೆ ನಿಧಾನವಾಗಿ ಹಾಯುತ್ತದೆ, ನಾರಿಗೆ ತಾಗಿ ತಂಪಾಗಲು ಅವಕಾಶ ಸಿಗುತ್ತದೆ. ಒಂದೇ ಪ್ಯಾಡ್ ಇಟ್ಟರೆ ಗಾಳಿ ರಭಸದಿಂದ ನುಗ್ಗಿ, ತಂಪಾಗದೇ ಹನಿಗಳನ್ನು ಹೊತ್ತು ಕೋಣೆಗೆ ಬರುತ್ತದೆ.

ಕಟ್ಟುವ ಕ್ರಮ

1. ಕೂಲರ್ ಕೂರಿಸುವ ಕಿಟಕಿ ಆರಿಸಿ. ಪೆಟ್ಟಿಗೆ ಕಿಟಕಿಯ ಹೊರಗಿರಬೇಕು, ನೆರಳಿನಲ್ಲಿರಬೇಕು. ಉತ್ತರದ ಕಿಟಕಿ ಉತ್ತಮ, ಪೂರ್ವದ್ದು ಮಧ್ಯಾಹ್ನದ ನಂತರ ಸರಿ. ಪಶ್ಚಿಮದ್ದೇ ಗತಿಯಾದರೆ ಮೇಲೆ ಗರಿಯ ಚಪ್ಪರ ಹಾಕಿ. ಚಪ್ಪರ ಪ್ಯಾಡಿಗೆ ತಾಗಿ ಗಾಳಿ ಕಟ್ಟದಂತೆ ಒಂದಡಿಯಾದರೂ ಬಿಡಿ.

2. ಗೋಡೆಗೆ ಕಬ್ಬಿಣದ ಬ್ರಾಕೆಟ್ ಹೊಡೆದು ಚೌಕಟ್ಟು ಕೂರಿಸಿ. ನೀರು ತುಂಬಿದಾಗ ಒಟ್ಟು ಭಾರ ಸುಲಭವಾಗಿ 40 ಕಿಲೋ ದಾಟುತ್ತದೆ. ಕಿಟಕಿಯ ಸರಳಿಗೆ ಕಟ್ಟಿ ನೇತುಹಾಕುವುದು ಬೇಡ. ಟ್ರೇ ಮಟ್ಟವಾಗಿದೆಯೇ ಎಂದು ನೀರು ಹಾಕಿಯೇ ನೋಡಿ.

3. ಕೋಣೆಯ ಕಡೆಯ ಮುಖಕ್ಕೆ ತಗಡು ಅಥವಾ ವಾಟರ್‌ಪ್ರೂಫ್ ಪ್ಲೈವುಡ್ ಹಾಕಿ, ನಡುವೆ ಫ್ಯಾನ್ ಕೂರಿಸಿ. ಗಾಳಿ ಕೋಣೆಯ ಒಳಗೆ ಬೀಸಬೇಕು. ಫ್ಯಾನಿನ ಕೆಳ ಅಂಚು ನೀರಿನ ಮಟ್ಟದಿಂದ 4 ಇಂಚಾದರೂ ಮೇಲಿರಲಿ. ಅಕ್ಕಪಕ್ಕದ ಸಂದುಗಳನ್ನೆಲ್ಲ ಮುಚ್ಚಿ. ಸಂದಿದ್ದರೆ ಬಿಸಿಗಾಳಿ ಪ್ಯಾಡನ್ನು ತಪ್ಪಿಸಿ ಅಲ್ಲಿಂದಲೇ ಒಳಗೆ ಬರುತ್ತದೆ.

4. ಉಳಿದ ಮೂರು ಮುಖಗಳಿಗೆ ಪ್ಯಾಡ್ ಕಟ್ಟಿ. ಪ್ಯಾಡಿನ ಕೆಳತುದಿ ಟ್ರೇಯ ಅಂಚಿನ ಒಳಗೆ ಬರಲಿ, ತೊಟ್ಟಿಕ್ಕುವ ನೀರು ಗೋಡೆಗಿಳಿಯದೆ ಟ್ರೇಗೇ ಮರಳುತ್ತದೆ. ನಾರನ್ನು ತುರುಕಬೇಡಿ. ಅಂಗೈಯನ್ನು ಹಿಂದಿಟ್ಟು ಊದಿದರೆ ಉಸಿರು ತಾಗಬೇಕು.

5. ಪೈಪನ್ನು ಮೂರು ಪ್ಯಾಡುಗಳ ತಲೆಯ ಮೇಲೆ ಬಾಗಿಸಿ ಕೂರಿಸಿ, ಒಂದೂವರೆ ಇಂಚಿಗೊಂದರಂತೆ 2 ಮಿ.ಮೀ. ತೂತು ಹಾಕಿ, ಎರಡು ತುದಿಗಳಿಗೆ ಮುಚ್ಚಳ ಹಾಕಿ. ನಡುವಿನ ಟೀಗೆ ಪಂಪಿನ ಕೊಳವೆ, ಅದರ ಮೇಲೆ ವಾಲ್ವ್. ಪೈಪಿನ ಕೆಳಗೆ ಗೋಣಿಯ ಒಂದು ಪಟ್ಟಿ ಇಟ್ಟರೆ ಹನಿಗಳು ಹರಡಿಕೊಂಡು ಇಳಿಯುತ್ತವೆ. ಕೂಲರಿನಲ್ಲಿ ಗೋಣಿಗೆ ಇಲ್ಲಿ ಮಾತ್ರ ಜಾಗವಿದೆ.

6. ಪಂಪನ್ನು ತೆಳುವಾದ ಬಟ್ಟೆಯ ಚೀಲದಲ್ಲಿ ಹಾಕಿ ಟ್ರೇಯಲ್ಲಿ ಮುಳುಗಿಸಿ. ನಾರಿನ ಕಸ ಅದರ ಬಾಯಿ ಕಟ್ಟುವುದು ಮೊದಲ ವಾರದಲ್ಲೇ.

7. ಫ್ಯಾನ್ ಹಾಕದೆ ಪಂಪನ್ನಷ್ಟೇ ಹತ್ತು ನಿಮಿಷ ಓಡಿಸಿ. ಮೂರೂ ಪ್ಯಾಡ್ ಮೇಲಿನಿಂದ ಕೆಳಗಿನವರೆಗೆ ಒದ್ದೆಯಾಗಬೇಕು. ಒಣಗಿದ ಒಂದು ಪಟ್ಟೆ ಉಳಿದರೂ ಬಿಸಿಗಾಳಿ ಅಲ್ಲಿಂದಲೇ ನುಗ್ಗುತ್ತದೆ, ಏಕೆಂದರೆ ಒಣ ನಾರಿನಲ್ಲಿ ಹಾಯುವುದು ಗಾಳಿಗೆ ಸುಲಭ. ತೂತುಗಳನ್ನು ಸರಿಮಾಡಿ ಮತ್ತೆ ನೋಡಿ. ಈ ಹಂತಕ್ಕೆ ಒಂದು ಸಂಜೆ ಹೋದರೂ ಹೋಗಲಿ.

ಫ್ಯಾನ್, ಪಂಪ್ ಸೇರಿ ಸುಮಾರು 80 ವ್ಯಾಟ್. ಎಂಟು ಗಂಟೆ ಓಡಿದರೂ ಮುಕ್ಕಾಲು ಯೂನಿಟ್ ಆಗುವುದಿಲ್ಲ. ಒಂದು ಟನ್ನಿನ ಎಸಿ ಅಷ್ಟನ್ನು ಒಂದು ಗಂಟೆಯ ಆಸುಪಾಸಿನಲ್ಲೇ ಮುಗಿಸುತ್ತದೆ. ನೀರು ಒಣ ಮಧ್ಯಾಹ್ನದಲ್ಲಿ ಗಂಟೆಗೆ 4–5 ಲೀಟರ್ ಬೇಕು. ಟ್ರೇ ಐದಾರು ಗಂಟೆಗೆ ಖಾಲಿಯಾಗುತ್ತದೆ. ಮಲಗುವ ಮುನ್ನ ತುಂಬುವುದನ್ನು ಮರೆಯಬೇಡಿ.

ಎದುರಿನ ಕಿಟಕಿ

ಈಗ ಅರ್ಧ ಕೂಲರ್ ಆಯಿತು. ಇನ್ನರ್ಧ ಇರುವುದು ಕೋಣೆಯ ಎದುರು ಗೋಡೆಯಲ್ಲಿ.

ಕೂಲರಿನಿಂದ ಬರುವ ಗಾಳಿ ತಂಪಾಗಿರುತ್ತದೆ, ಅಷ್ಟೇ ಹಸಿಯಾಗಿಯೂ ಇರುತ್ತದೆ. ಅದು ಮೈಗೆ ತಾಗಿ, ಕೋಣೆಯ ಬಿಸಿಯನ್ನು ಎತ್ತಿಕೊಂಡು ಹೊರಗೆ ಹೋಗಬೇಕು. ಬಾಗಿಲು, ಕಿಟಕಿ ಮುಚ್ಚಿ ಕುಳಿತರೆ ಹಸಿ ಒಳಗೇ ತುಂಬುತ್ತದೆ, ಬೆವರು ಆರುವುದು ನಿಲ್ಲುತ್ತದೆ. ಅದೇ ಜಿಗುಟು. ಜನ ದೂರುವ ಕೂಲರುಗಳಲ್ಲಿ ಬಹುಪಾಲು ಈ ಒಂದು ಕಾರಣಕ್ಕೆ ಸೋತವು. ಎಸಿ ಕೋಣೆ ಮುಚ್ಚಬೇಕೆಂಬ ಅಭ್ಯಾಸವನ್ನು ಜನ ಕೂಲರಿಗೂ ತಂದಿದ್ದಾರೆ. ಎರಡರ ಧರ್ಮವೇ ಬೇರೆ. ಎಸಿ ಒಳಗಿನ ಗಾಳಿಯನ್ನೇ ಸುತ್ತಿಸುತ್ತದೆ, ಕೂಲರಿಗೆ ಸದಾ ಹೊಸ ಗಾಳಿ ಬೇಕು.

ಈ ಅಳತೆಯ ಕೂಲರಿಗೆ ಎದುರಿನ ಗೋಡೆಯಲ್ಲಿ ಎರಡರಿಂದ ಮೂರು ಚದರ ಅಡಿ ತೆರವು ಸಾಕು. ಕಿಟಕಿಯ ಒಂದು ಬಾಗಿಲನ್ನು ಅರ್ಧ ತೆರೆದರೆ ಅಷ್ಟಾಗುತ್ತದೆ. ಪೂರ್ತಿ ತೆರೆಯಬೇಡಿ, ಹೊರಗಿನ ಬಿಸಿಗಾಳಿ ಹಿಮ್ಮುಖವಾಗಿ ನುಗ್ಗುತ್ತದೆ. ಊದುಬತ್ತಿ ಹಚ್ಚಿ ಆ ಕಿಟಕಿಯ ಬಳಿ ಹಿಡಿಯಿರಿ. ಹೊಗೆ ನಿಧಾನವಾಗಿ ಹೊರಗೆ ಹೋದರೆ ಅಳತೆ ಸರಿ. ಒಳಗೆ ತಿರುಗಿದರೆ ಸ್ವಲ್ಪ ಮುಚ್ಚಿ. ಹೊಗೆ ಅಲ್ಲಾಡದೆ ನಿಂತರೆ ಇನ್ನಷ್ಟು ತೆರೆಯಿರಿ. ಮಲಗುವ ಮಂಚ ಕೂಲರಿಗೂ ಆ ಕಿಟಕಿಗೂ ನಡುವಿನ ದಾರಿಯಲ್ಲಿರಲಿ.

ಸೊಳ್ಳೆಗೆ ಹೆದರಿ ಕಿಟಕಿ ಮುಚ್ಚುವವರು ಜಾಲರಿ ಹಾಕಿಸಿಕೊಳ್ಳಿ. ಜಾಲರಿ ಗಾಳಿಯನ್ನು ಸ್ವಲ್ಪ ತಡೆಯುವುದರಿಂದ ತೆರವನ್ನು ಅದಕ್ಕೆ ತಕ್ಕಂತೆ ಹೆಚ್ಚಿಸಿ.

ಎಚ್ಚರ

ಕರೆಂಟು: ನೀರು, ಕಬ್ಬಿಣ, ಕರೆಂಟು ಒಟ್ಟಿಗೆ ಇರುವ ವಸ್ತು ಇದು. ಚೌಕಟ್ಟಿಗೆ ಅರ್ಥಿಂಗ್ ವೈರು ಕಡ್ಡಾಯ. ಆ ವೈರು ಹೋಗಿ ಸೇರುವ ಮನೆಯ ಅರ್ಥಿಂಗ್ ನಿಜವಾಗಿ ನೆಲಕ್ಕೆ ಮುಟ್ಟಿದೆಯೇ ಎಂದು ಎಲೆಕ್ಟ್ರಿಷಿಯನ್ ಕೈಯಲ್ಲಿ ನೋಡಿಸಿ. 30 ಮಿಲಿಆ್ಯಂಪಿಯರಿನ ಆರ್‌ಸಿಸಿಬಿ ಹಾಕಿಸಿಕೊಳ್ಳಿ. ಸೋರಿಕೆಯಾದ ಕ್ಷಣದಲ್ಲಿ ಅದು ಕರೆಂಟು ಕಡಿಯುತ್ತದೆ, ಜೀವ ಉಳಿಸುವ ಸಾಧನ ಅದೇ. ನೀರು ತುಂಬುವಾಗ, ಒರೆಸುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಫ್ಯಾನಿಗೆ ಎರಡೂ ಕಡೆ ಜಾಲರಿ ಇಲ್ಲದೆ ಮಕ್ಕಳಿರುವ ಮನೆಯಲ್ಲಿ ಓಡಿಸಬೇಡಿ.

ಡೆಂಗಿ: ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಕೂಲರಿನ ಟ್ರೇ ಮೆಚ್ಚಿನ ಜಾಗ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ತಪ್ಪದೆ ಟ್ರೇ ಖಾಲಿ ಮಾಡಿ, ಒಳಗೋಡೆಯನ್ನು ಬ್ರಷ್ಷಿನಿಂದ ಉಜ್ಜಿ, ಬಿಸಿಲಿಗೆ ಒಣಗಿಸಿ. ಉಜ್ಜುವುದು ಮುಖ್ಯ. ನೀರಿನ ಅಂಚಿಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ, ಮತ್ತೆ ನೀರು ತಾಗಿದಾಗ ಒಡೆಯುತ್ತವೆ. ಕೊಳೆತ ನೀರಿನಲ್ಲಿ ಬೆಳೆಯುವ ರೋಗಾಣುಗಳು ಗಾಳಿಯಲ್ಲಿ ಹನಿಯಾಗಿ ಉಸಿರಿಗೂ ಹೋಗಬಹುದು. ನೀರು ಶುದ್ಧವಾಗಿರಲಿ.

ಬೋರ್‌ವೆಲ್ ನೀರು: ಗಡಸು ನೀರು ಆವಿಯಾದಾಗ ಉಪ್ಪು ಹಿಂದೆ ಉಳಿಯುತ್ತದೆ. ಪ್ಯಾಡಿನ ಮೇಲೆ ಬಿಳಿ ಹುಡಿ ಕಾಣಿಸಿತೆಂದರೆ ಗಾಳಿಯ ದಾರಿ ಕಟ್ಟುತ್ತಿದೆ. ಎರಡು ದಿನಕ್ಕೊಮ್ಮೆ ಟ್ರೇಯ ಉಳಿಕೆ ನೀರನ್ನು ತೆಂಗಿನ ಬುಡಕ್ಕೆ ಬಿಟ್ಟು ಹೊಸ ನೀರು ತುಂಬಿ.

ದಮ್ಮು ಇರುವವರು, ಎಳೆ ಕೂಸುಗಳು ಇರುವಲ್ಲಿ ಗಾಳಿ ನೇರ ಮುಖಕ್ಕೆ ಬೀಸದಿರಲಿ. ಪುಸ್ತಕ, ರೇಷ್ಮೆ ಸೀರೆಗಳ ಕಪಾಟನ್ನು ಕೂಲರಿನ ಎದುರಿಗೆ ಇಡಬೇಡಿ, ಬೂಷ್ಟು ಹಿಡಿಯುತ್ತದೆ.

ಸಾಮಾನ್ಯ ತಪ್ಪುಗಳು

• ಟ್ರೇಗೆ ಐಸ್ ಹಾಕುವುದು. ಒಂದು ಕಿಲೋ ಐಸ್ ಕರಗಲು ಎಳೆಯುವ ಶಾಖ 334 ಕಿಲೋಜೂಲ್. ಒಂದು ಕಿಲೋ ನೀರು ಆವಿಯಾಗಲು ಎಳೆಯುವುದು ಅದರ ಏಳು ಪಟ್ಟು. ಫ್ರಿಜ್ಜಿನಲ್ಲಿ ಐಸ್ ಮಾಡುವಾಗ ಹಿಂಬದಿಯಿಂದ ಬಿಸಿ ಮನೆಗೇ ಬರುತ್ತದೆ.

• ಕೂಲರನ್ನು ಕೋಣೆಯ ಒಳಗಿಟ್ಟು ಒಳಗಿನ ಗಾಳಿಯನ್ನೇ ತಿರುಗಿಸುವುದು. ಒಂದು ಗಂಟೆಯಲ್ಲಿ ಕೋಣೆ ಬಚ್ಚಲುಮನೆಯಾಗುತ್ತದೆ.

• ತಂಪಾಗಲಿಲ್ಲವೆಂದು ವಾಲ್ವ್ ಪೂರ್ತಿ ತಿರುವುವುದು. ನಾರು ಒದ್ದೆಯಾದ ಮೇಲೆ ಹೆಚ್ಚಿನ ನೀರಿನಿಂದ ತಂಪು ಹೆಚ್ಚುವುದಿಲ್ಲ, ಗಾಳಿ ಕಡಿಮೆಯಾಗುತ್ತದೆ.

• ಮಳೆ ಬಂದ ಸಂಜೆಯೂ ಪಂಪ್ ಓಡಿಸುವುದು. ಅಂಥ ದಿನ ಪಂಪ್ ಆರಿಸಿ, ಫ್ಯಾನ್ ಮಾತ್ರ ಓಡಿಸಿ. ಹೊರಗಿನ ತಂಪು ಗಾಳಿಯನ್ನು ಅದು ಒಳಗೆ ತರುತ್ತದೆ, ಪ್ಯಾಡೂ ಒಣಗುತ್ತದೆ.

• ನಡುಮಧ್ಯಾಹ್ನ ಕೋಣೆ ಕಾದ ಮೇಲೆ ಹಚ್ಚುವುದು. ಹನ್ನೊಂದಕ್ಕೇ ಶುರುಮಾಡಿದರೆ ಗೋಡೆಗಳು ಕಾಯುವುದಿಲ್ಲ.

ಕರೆಂಟು ಹೋದಾಗ

ಗಾಳಿ ಬರುವ ಕಿಟಕಿಗೆ ಲಾವಂಚದ ಪರದೆ ಅಥವಾ ತೆಳುವಾದ ಹತ್ತಿ ಸೀರೆಯನ್ನು ಇಳಿಬಿಟ್ಟು, ಮೇಲಿನಿಂದ ತಂಬಿಗೆಯಲ್ಲಿ ನೀರು ಹನಿಸಿ. ಎದುರಿನ ಕಿಟಕಿ ತೆರೆದಿರಲಿ. ಕೆಲಸ ಮಾಡುವ ನಿಯಮ ಅದೇ, ಫ್ಯಾನಿನ ಜಾಗದಲ್ಲಿ ಹೊರಗಿನ ಗಾಳಿ ದುಡಿಯುತ್ತದೆ. ಗಾಳಿ ಬೀಸುವ ದಿನಗಳಲ್ಲಿ ನಾಲ್ಕೈದು ಡಿಗ್ರಿ ಇಳಿಯುತ್ತದೆ, ಗಾಳಿ ನಿಂತ ದಿನ ಇದರಿಂದ ಏನೂ ಆಗದು. ವಯಸ್ಸಾದವರಿಗೆ ತಲೆಸುತ್ತು, ಗೊಂದಲ, ಬೆವರು ನಿಂತು ಮೈ ಕಾಯುವುದು ಕಂಡರೆ ಪರದೆ, ಕೂಲರ್ ನಂಬಿ ಕೂರದೆ ಮೈಮೇಲೆ ನೀರು ಹಾಕಿ ಗಾಳಿ ಬೀಸುತ್ತ ಆಸ್ಪತ್ರೆಗೆ ಕರೆದೊಯ್ಯಿರಿ.

ಮಿರಗ ಕೂಡಿದ ಮೇಲೆ

ಜೂನ್ ಮೊದಲ ವಾರದ ಹೊತ್ತಿಗೆ ಒದ್ದೆ ಬಟ್ಟೆಯ ಪರೀಕ್ಷೆಯಲ್ಲಿ ಅಂತರ ನಾಲ್ಕಕ್ಕೆ ಇಳಿದಿರುತ್ತದೆ. ಆಗ ಬುಚ್ಚು ತೆಗೆದು ನೀರು ಬಸಿದು, ಫ್ಯಾನನ್ನು ಒಂದು ತಾಸು ಓಡಿಸಿ ಪ್ಯಾಡ್ ಒಣಗಿಸಿ. ಮರದ ನಾರಾದರೆ ಬಿಚ್ಚಿ ಗೊಬ್ಬರದ ಗುಂಡಿಗೆ ಹಾಕಿ. ಲಾವಂಚವನ್ನು ತೊಳೆದು ಒಣಗಿಸಿ ಕಟ್ಟಿಟ್ಟರೆ ಮುಂದಿನ ಬೇಸಿಗೆಗೂ ಬರುತ್ತದೆ. ಪಂಪನ್ನು ಬಿಚ್ಚಿ, ಲಿಂಬೆರಸ ಹಿಂಡಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿದರೆ ಉಪ್ಪಿನ ಪದರ ಬಿಡುತ್ತದೆ. ಟ್ರೇಯ ತುಕ್ಕನ್ನು ಉಜ್ಜಿ ಪ್ರೈಮರ್ ಬಳಿದು, ಮಳೆನೀರು ನಿಲ್ಲದಂತೆ ಬೋರಲು ಹಾಕಿ. ಕಿಟಕಿಯ ಹೊರಗೇ ಬಿಡುವುದಾದರೆ ತಾಡಪತ್ರಿ ಹೊದಿಸಿ, ಬುಚ್ಚನ್ನು ತೆರೆದೇ ಇಡಿ.